ಕಾಂಗ್ರೆಸ್ ಹುಲ್ಲಿನ ಅಲರ್ಜಿ: ಪ್ಯಾಚ್ ಟೆಸ್ಟ್ ಮಾಡುವ ಬಗೆ ಮತ್ತು ಚರ್ಮದಲ್ಲಿ ಉಳಿಯುವ ನೆನಪಿನ ಕೋಶಗಳು

ಹೊಲದಲ್ಲಿ ದುಡಿಯುವವರ ಕಣ್ಣುರೆಪ್ಪೆ, ಕುತ್ತಿಗೆಯ ಬದಿ, ಮೊಣಕೈ ಮಡಿಕೆ ಕಪ್ಪಾಗಿ ದಪ್ಪಗಟ್ಟಿದ್ದು, ಮಳೆಗಾಲದಲ್ಲಿ ತುರಿಕೆ ಏರುತ್ತದೆ ಎಂದರೆ ನಾನು ಮೊದಲು ವಿಚಾರಿಸುವುದು ಕಾಂಗ್ರೆಸ್ ಹುಲ್ಲನ್ನು, ಅಂದರೆ ಪಾರ್ಥೇನಿಯಂ ಗಿಡವನ್ನು. ಬರೀ ಬಿಸಿಲಿನ ಅಲರ್ಜಿಯೇ ಎಂದು ತಿಳಿಯಲು ಮೂರು ಜಾಗ ನೋಡುತ್ತೇನೆ: ಮೇಲಿನ ರೆಪ್ಪೆ, ಕಿವಿಯ ಹಿಂಭಾಗ, ಗದ್ದದ ಕೆಳಭಾಗ. ಬಿಸಿಲು ಅಷ್ಟಾಗಿ ತಾಗದ ಈ ಜಾಗಗಳಲ್ಲೂ ಗಾಯವಿದ್ದರೆ ಗಾಳಿಯಲ್ಲಿ ತೇಲಿ ಬಂದ ಗಿಡದ ಪುಡಿಯೇ ಕಾರಣವೆಂದು ಶಂಕಿಸುತ್ತೇನೆ. ಕಾಯಿಲೆ ಹಳೆಯದಾದಂತೆ ಬಿಸಿಲೂ ಅದರೊಂದಿಗೆ ಸೇರಿಕೊಳ್ಳುತ್ತದೆ. ಆಗ ಈ ಗುರುತು ಅಷ್ಟು ಸ್ಪಷ್ಟವಾಗಿರುವುದಿಲ್ಲ.

ಹಲವರು ಐಜಿಇ (ತಕ್ಷಣ ಏಳುವ ಅಲರ್ಜಿಯ ಪ್ರತಿಕಾಯ) ರಕ್ತಪರೀಕ್ಷೆಯ ವರದಿ ಹಿಡಿದು ಬರುತ್ತಾರೆ. ಈ ಚರ್ಮರೋಗಕ್ಕೆ ಅದು ಉತ್ತರ ಕೊಡುವುದಿಲ್ಲ. ಇದೇ ಗಿಡದ ಪರಾಗ ಮೂಗಿಗೆ ಹೋಗಿ ಸೀನು ತರಿಸಿದರೆ ಅದು ಐಜಿಇ ಕೆಲಸ. ಚುಚ್ಚು ಪರೀಕ್ಷೆಯಲ್ಲಿ 15–20 ನಿಮಿಷದಲ್ಲೇ ಗಂಧೆ ಏಳುತ್ತದೆ. ಚರ್ಮದ ಕಾಯಿಲೆಯನ್ನು ನಡೆಸುವವು ಟಿ ಕೋಶಗಳು ಎಂಬ ಬಿಳಿ ರಕ್ತಕಣಗಳು. 1942ರಲ್ಲಿ ಲ್ಯಾಂಡ್‌ಸ್ಟೈನರ್ ಮತ್ತು ಚೇಸ್ ಗಿನಿಯಿಲಿಗಳಲ್ಲಿ ತೋರಿಸಿದ್ದು ಇದನ್ನೇ: ಈ ಬಗೆಯ ಅಲರ್ಜಿಯನ್ನು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ದಾಟಿಸಿದ್ದು ರಕ್ತದ ಸೀರಂ (ಕೋಶಗಳಿಲ್ಲದ ದ್ರವಭಾಗ) ಅಲ್ಲ, ಕೋಶಗಳು.

ಗಿಡದಲ್ಲಿರುವ ಪಾರ್ಥೆನಿನ್ ಬಹಳ ಸಣ್ಣ ಅಣು. ಅದು ಚರ್ಮದ ಪ್ರೋಟೀನಿಗೆ ಅಂಟಿಕೊಂಡಾಗಲೇ ದೇಹ ಅದನ್ನು ಗುರುತಿಸುತ್ತದೆ. ಚರ್ಮದಲ್ಲಿ ಕಾವಲು ಕಾಯುವ ಡೆಂಡ್ರಿಟಿಕ್ ಕೋಶಗಳು ಅದನ್ನು ಹತ್ತಿರದ ದುಗ್ಧಗ್ರಂಥಿಗೆ ಒಯ್ಯುತ್ತವೆ. ಅಲ್ಲಿ ಹೊಂದುವ ಟಿ ಕೋಶಗಳು ಹತ್ತು ಹದಿನೈದು ದಿನಗಳಲ್ಲಿ ಬೆಳೆದು ಹೆಚ್ಚುತ್ತವೆ. ಕೆಲವು ನೆನಪಿನ ಕೋಶಗಳಾಗಿ ಉಳಿಯುತ್ತವೆ. ಇವುಗಳಲ್ಲಿ ಎರಡು ಬಗೆಯನ್ನು ಬೇರೆಬೇರೆಯಾಗಿ ಅರಿತಿರಬೇಕು. ಒಂದು, ರಕ್ತ, ದುಗ್ಧಗ್ರಂಥಿ ಮತ್ತು ಚರ್ಮದ ನಡುವೆ ಓಡಾಡುವವು. ಇನ್ನೊಂದು, ಹಿಂದೆ ಉರಿಯೂತವಾದ ಜಾಗದಲ್ಲೇ ನೆಲೆಸಿ ರಕ್ತಕ್ಕೆ ಮರಳದವು. ಮೊದಲನೆಯದರಿಂದ ಪ್ಯಾಚ್ ಟೆಸ್ಟ್ (ಶಂಕಿತ ವಸ್ತುವನ್ನು ಬೆನ್ನಿಗೆ ಅಂಟಿಸಿಟ್ಟು ಚರ್ಮದ ಪ್ರತಿಕ್ರಿಯೆ ನೋಡುವ ಪರೀಕ್ಷೆ) ಸಾಧ್ಯವಾಗುತ್ತದೆ, ಎರಡನೆಯದರಿಂದ ಕಾಯಿಲೆ ಮರುಕಳಿಸುತ್ತದೆ.

ಮುಖದಲ್ಲಿ ಕಾಯಿಲೆ ಇರುವವರಿಗೆ ಬೆನ್ನಿನ ಮೇಲೆ ಪರೀಕ್ಷೆ ಮಾಡಿದರೆ ಏನು ತಿಳಿಯುತ್ತದೆ ಎಂದು ರೋಗಿಗಳು ಕೇಳುತ್ತಾರೆ. ಸಂಚಾರಿ ನೆನಪಿನ ಕೋಶಗಳು ಚರ್ಮದ ಯಾವ ಭಾಗಕ್ಕೂ ಬರಬಲ್ಲವು, ಹಾಗಾಗಿ ಎಂದೂ ಗಾಯವಾಗದ ಬೆನ್ನೂ ಉತ್ತರ ಹೇಳುತ್ತದೆ. ಆದರೆ ಆ ಬೆನ್ನು ಮದ್ದಿನ ಪ್ರಭಾವದಿಂದ ಮುಕ್ತವಾಗಿರಬೇಕು. ಪರೀಕ್ಷೆಗೆ ಒಂದು ವಾರ ಮೊದಲೇ ಬೆನ್ನಿಗೆ ಸ್ಟೀರಾಯ್ಡ್ ಮುಲಾಮು ಹಚ್ಚುವುದನ್ನು ನಿಲ್ಲಿಸುತ್ತೇನೆ. ನುಂಗುವ ಸ್ಟೀರಾಯ್ಡ್ ಆದ ಪ್ರೆಡ್ನಿಸೋಲೋನ್ ನಿಲ್ಲಿಸಿ ಎರಡು ವಾರವಾಗಿರಬೇಕು. ನಿಲ್ಲಿಸಲು ಆಗದಿದ್ದರೆ ದಿನಕ್ಕೆ 10 ಮಿ.ಗ್ರಾಂ ಮೀರಬಾರದು. ಬೆನ್ನಿಗೆ ಬಿಸಿಲು ಬಿದ್ದು ನಾಲ್ಕು ವಾರ ಕಳೆದಿರಬೇಕು. ಬರಿಮೈಯಲ್ಲಿ ಗದ್ದೆ ಕೆಲಸ ಮಾಡುವವರಿಗೆ ಇದನ್ನು ಮುಂಚೆಯೇ ತಿಳಿಸಿ, ಅಂಗಿ ತೊಡಲು ಹೇಳಿರುತ್ತೇನೆ. ತುರಿಕೆಯ ಸಿಟ್ರಿಜಿನ್ ಮಾತ್ರೆ ಮುಂದುವರಿಯಲಿ. ಅದು ತಡೆಯುವುದು ಹಿಸ್ಟಮಿನನ್ನು, ಟಿ ಕೋಶಗಳನ್ನಲ್ಲ.

ಮೈತುಂಬ ಗಾಯ ಕೆರಳಿರುವಾಗ ಪರೀಕ್ಷೆ ಮಾಡಬಾರದು. ಆಗ ಬೆನ್ನಿನ ಚರ್ಮವೂ ಉದ್ರಿಕ್ತವಾಗಿದ್ದು, ಹಚ್ಚಿದ್ದೆಲ್ಲ ಪಾಸಿಟಿವ್ ಎಂದು ತೋರುತ್ತದೆ. ಒಂದೇ ಸಲಕ್ಕೆ ಐದಾರು ಬಲವಾದ ಪಾಸಿಟಿವ್ ಬಂದರೆ ಯಾವುದನ್ನೂ ನಂಬದೆ, ಚರ್ಮ ಶಾಂತವಾದ ಮೇಲೆ ಒಂದೊಂದನ್ನೇ ಮತ್ತೆ ಹಾಕುತ್ತೇನೆ.

ಹಾಕುವ ಕ್ರಮ ಸರಳ. 8 ಮಿ.ಮೀ. ಒಳವ್ಯಾಸದ ಅಲ್ಯೂಮಿನಿಯಂ ಚೇಂಬರಿಗೆ (ಸಣ್ಣ ಬಟ್ಟಲಿಗೆ) ಪೆಟ್ರೋಲೇಟಂನಲ್ಲಿ (ವ್ಯಾಸಲೀನಿನಂಥ ಜಿಡ್ಡಿನಲ್ಲಿ) ಬೆರೆಸಿದ ಅಲರ್ಜಿಕಾರಕವನ್ನು ಸಿರಿಂಜಿನಿಂದ 5 ಮಿ.ಮೀ. ಉದ್ದ, ಸುಮಾರು 20 ಮಿ.ಗ್ರಾಂ ಹಿಂಡಬೇಕು. ದ್ರವವಾದರೆ ಫಿಲ್ಟರ್ ಕಾಗದದ ಬಿಲ್ಲೆಗೆ 15 ಮೈಕ್ರೋಲೀಟರ್. ಹೆಚ್ಚಾದರೆ ಅದು ಪಕ್ಕದ ಚೇಂಬರಿಗೆ ಹರಿದು ಎರಡರ ಫಲಿತಾಂಶವೂ ಕೆಡುತ್ತದೆ. ಪಾರ್ಥೇನಿಯಂ ಜೊತೆಗೆ ಭಾರತೀಯ ಪ್ರಮಾಣಿತ ಸರಣಿಯ (ಇಲ್ಲಿ ಸಾಮಾನ್ಯವಾಗಿ ಅಲರ್ಜಿ ತರುವ ವಸ್ತುಗಳ ಪಟ್ಟಿ) ಉಳಿದವನ್ನೂ, ಹೋಲಿಕೆಗೆ ಬರೀ ಪೆಟ್ರೋಲೇಟಂನ ಒಂದು ಚೇಂಬರನ್ನೂ ಹಾಕುತ್ತೇನೆ. ಬೆನ್ನಿನ ಮೇಲ್ಭಾಗದಲ್ಲಿ, ಬೆನ್ನುಮೂಳೆ ಬಿಟ್ಟು ಎರಡೂ ಬದಿಗೆ ಅಂಟಿಸಿ, ಪ್ರತಿ ಚೇಂಬರನ್ನು ಬೆರಳಿಂದ ಒತ್ತಿ ಗಾಳಿ ತೆಗೆಯುತ್ತೇನೆ. ಕೂದಲು ದಟ್ಟವಾಗಿದ್ದರೆ ಕತ್ತರಿಯಿಂದ ಕತ್ತರಿಸುತ್ತೇನೆ. ಬ್ಲೇಡು ಹಾಕಿದರೆ ಚರ್ಮ ಗೀರಿ ಸುಳ್ಳು ಕೆಂಪು ಬರುತ್ತದೆ. ಹಸಿ ಎಲೆಯನ್ನು ಜಜ್ಜಿ ಕಟ್ಟುವುದು ಮಾತ್ರ ಸರ್ವಥಾ ಕೂಡದು. ಅದರ ಪ್ರಮಾಣ ಗೊತ್ತಿರುವುದಿಲ್ಲ, ಬೊಬ್ಬೆ ಏಳಬಹುದು. ಅಲರ್ಜಿ ಇಲ್ಲದವರಿಗೆ ಪರೀಕ್ಷೆಯಿಂದಲೇ ಹೊಸದಾಗಿ ಅಲರ್ಜಿ ಹುಟ್ಟಲೂಬಹುದು.

48 ಗಂಟೆ ಸ್ನಾನವಿಲ್ಲ, ಬೆವರುವ ಕೆಲಸವಿಲ್ಲ. ಕರಾವಳಿಯ ಸೆಕೆಯಲ್ಲಿ ಪಟ್ಟಿ ಬಿಟ್ಟುಕೊಳ್ಳುವುದೇ ದೊಡ್ಡ ತೊಂದರೆ, ಹೀಗಾಗಿ ಅಂಚುಗಳಿಗೆ ಕಾಗದದ ಟೇಪು ಹೆಚ್ಚುವರಿಯಾಗಿ ಬೇಕು. ಒಂದು ಚೇಂಬರ್ ಸಡಿಲಾದರೂ ಅದರ ನೆಗೆಟಿವ್ ಫಲಿತಾಂಶವನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಎರಡು ದಿನದ ನಂತರ ಪಟ್ಟಿ ತೆಗೆದು, ಪೆನ್ನಿನಿಂದ ಗುರುತು ಹಾಕಿ, ಒತ್ತಿನ ಕೆಂಪು ಇಳಿಯಲು ಅರ್ಧ ಗಂಟೆ ಬಿಟ್ಟು ಓದುತ್ತೇನೆ. ನಾಲ್ಕನೇ ದಿನ ಮತ್ತೆ ಓದಲೇಬೇಕು. ನೆನಪಿನ ಕೋಶಗಳು ಬಂದು, ಇಂಟರ್‌ಫೆರಾನ್ ಮೊದಲಾದ ಸಂಕೇತ ಬಿಟ್ಟು, ಉಳಿದ ಕೋಶಗಳನ್ನು ಕರೆಸಿಕೊಳ್ಳಲು ಸಮಯ ಹಿಡಿಯುತ್ತದೆ. ಬರೀ ಕೆರಳಿಕೆಯಾಗಿದ್ದರೆ ನಾಲ್ಕನೇ ದಿನಕ್ಕೆ ಇಳಿಯುತ್ತದೆ, ಅಲರ್ಜಿಯಾಗಿದ್ದರೆ ಉಳಿಯುತ್ತದೆ ಅಥವಾ ಏರುತ್ತದೆ. ಒಂದೇ ಸಲ ಓದಿ ಕಳಿಸಿದರೆ ಈ ಭೇದ ತಿಳಿಯುವುದೇ ಇಲ್ಲ. ನಿಯೋಮೈಸಿನ್, ಲೋಹ, ಸ್ಟೀರಾಯ್ಡುಗಳ ಶಂಕೆಯಿದ್ದರೆ ಏಳನೇ ದಿನವೂ ಕರೆಸುತ್ತೇನೆ.

ನಮ್ಮ ಮೈಬಣ್ಣದಲ್ಲಿ ಕೆಂಪನ್ನು ಕಣ್ಣಿಂದ ಹುಡುಕಿದರೆ ದುರ್ಬಲ ಪಾಸಿಟಿವ್‌ಗಳು ತಪ್ಪಿಹೋಗುತ್ತವೆ. ಬೆಳಕನ್ನು ಓರೆಯಾಗಿ ಹಾಯಿಸಿ, ಬೆರಳ ತುದಿಯಿಂದ ಸವರಿ ನೋಡಬೇಕು. ಚರ್ಮ ದಪ್ಪವಾಗಿ ಸಣ್ಣ ಗುಳ್ಳೆ ತಾಗಿದರೆ ಒಂದು ಪ್ಲಸ್, ನೀರುಗುಳ್ಳೆ ಇದ್ದರೆ ಎರಡು, ಅವು ಒಂದಕ್ಕೊಂದು ಕೂಡಿದ್ದರೆ ಮೂರು. ದಪ್ಪವಿಲ್ಲದ ಬರೀ ಬಣ್ಣವನ್ನು ಸಂಶಯದ ಚಿಹ್ನೆಯೊಂದಿಗೆ ಬರೆದಿಡುತ್ತೇನೆ. ಪಾಸಿಟಿವ್ ಎಂದರೆ ದೇಹದಲ್ಲಿ ಆ ವಸ್ತುವಿನ ನೆನಪಿದೆ ಎಂದಷ್ಟೇ ಅರ್ಥ. ಅಗ್ಗದ ಓಲೆಯಿಂದ ಬಂದ ನಿಕ್ಕಲ್ ಪಾಸಿಟಿವ್ ಕಣ್ಣುರೆಪ್ಪೆಯ ಗಾಯಕ್ಕೆ ಕಾರಣವಾಗಿರಬೇಕಿಲ್ಲ.

ಪರೀಕ್ಷೆ ನಡೆಯುತ್ತಿರುವಾಗಲೇ ಮುಖದ ಹಳೆಯ ಗಾಯ ಕೆಲವರಲ್ಲಿ ಕೆರಳುತ್ತದೆ, ಮೊದಲೇ ಹೇಳಿಡಬೇಕು. ಅಲ್ಲಿ ನೆಲೆಸಿರುವ ಕೋಶಗಳಿಗೆ ತೀರ ಅಲ್ಪ ಪ್ರಮಾಣವೂ ಸಾಕು. ಆರೋಗ್ಯವಂತ ವಯಸ್ಕರ ಚರ್ಮದಲ್ಲಿ ಸುಮಾರು 2,000 ಕೋಟಿ ಟಿ ಕೋಶಗಳಿವೆ, ರಕ್ತದಲ್ಲಿರುವುದರ ಹತ್ತಿರಹತ್ತಿರ ಎರಡರಷ್ಟು, ಎಂಬ ಅಂದಾಜು 2006ರಲ್ಲಿ ಪ್ರಕಟವಾಯಿತು. ಗುಣವಾದಂತೆ ಕಂಡ ಚರ್ಮವೂ ಖಾಲಿಯಲ್ಲ. ಹಿಂದೆ ಪಾಸಿಟಿವ್ ಬಂದ ಜಾಗದಲ್ಲೇ ಮರುಪರೀಕ್ಷೆ ಮಾಡದಿರುವುದೂ ಇದರಿಂದಲೇ. ಅಲ್ಲಿ ಪ್ರತಿಕ್ರಿಯೆ ಬೇಗನೆ, ಜೋರಾಗಿ ಬರುತ್ತದೆ.

ಸ್ಟೀರಾಯ್ಡ್ ಈ ಕೋಶಗಳನ್ನು ಸುಮ್ಮನಾಗಿಸುತ್ತದೆ, ಓಡಿಸುವುದಿಲ್ಲ. ಆದ್ದರಿಂದ ತುರಿಕೆ ನಿಂತ ದಿನವೇ ಮುಲಾಮು ಬಿಡಬಾರದು. ಮೈಗೆ ಎರಡು ವಾರ ದಿನವೂ, ಮುಂದಿನೆರಡು ವಾರ ದಿನ ಬಿಟ್ಟು ದಿನ, ಆಮೇಲೆ ಹಳೆಯ ಜಾಗಗಳಿಗೆ ವಾರಕ್ಕೆ ಎರಡು ಸಲ. ರೆಪ್ಪೆಗೆ ಸ್ಟೀರಾಯ್ಡ್ ಅಲ್ಲದ ಟ್ಯಾಕ್ರೋಲಿಮಸ್ ಮುಲಾಮು. ಹೊಲದಿಂದ ಬಂದ ತಕ್ಷಣ ತಲೆಗೂ ಸೇರಿಸಿ ಸ್ನಾನ, ಬಟ್ಟೆ ಬದಲು. ಗಿಡ ಕೀಳುವ ಕೆಲಸ ಅಲರ್ಜಿ ಇಲ್ಲದವರದು, ಅದೂ ಕೈಗವಸು ತೊಟ್ಟು, ಹೂ ಬಿಡುವ ಮೊದಲು. ಒಣಗಿದ ಗಿಡದ ಪುಡಿಯೂ ಕೆರಳಿಸುತ್ತದೆ. ಸೇವಂತಿಗೆ ಇದೇ ಕುಟುಂಬದ್ದು, ಹಾರ ಕಟ್ಟುವವರನ್ನು ತಪ್ಪದೆ ಕೇಳುತ್ತೇನೆ.

ಇಷ್ಟಕ್ಕೂ ಬಗ್ಗದಿದ್ದರೆ ಅಜಥಯೋಪ್ರಿನ್, ಅಂದರೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ. ದಿನಕ್ಕೆ 50 ಮಿ.ಗ್ರಾಂನಿಂದ ಶುರು ಮಾಡಿ, ರಕ್ತಕಣಗಳ ಎಣಿಕೆ ಮತ್ತು ಯಕೃತ್ತಿನ ಪರೀಕ್ಷೆ ಸರಿಯಿದ್ದರೆ 100ಕ್ಕೆ ಏರಿಸುತ್ತೇನೆ. ಎಣಿಕೆ ಎರಡನೇ ವಾರ, ನಾಲ್ಕನೇ ವಾರ, ಆಮೇಲೆ ತಿಂಗಳಿಗೊಮ್ಮೆ. ಭಾರತೀಯರಲ್ಲಿ ಎನ್‌ಯುಡಿಟಿ15 ಜೀನಿನ (ಈ ಮದ್ದನ್ನು ದೇಹ ವಿಲೇ ಮಾಡಲು ನೆರವಾಗುವ ಜೀನು) ವ್ಯತ್ಯಾಸ ಅಪರೂಪವಲ್ಲ, ಅಂಥವರ ಬಿಳಿ ರಕ್ತಕಣ ದಿಢೀರನೆ ಕುಸಿಯಬಹುದು. ಸಾಧ್ಯವಿದ್ದರೆ ಆ ಪರೀಕ್ಷೆ ಮೊದಲೇ ಆಗಲಿ. ಯೂರಿಕ್ ಆಮ್ಲಕ್ಕೆ ಅಲೋಪ್ಯುರಿನಾಲ್ ನುಂಗುತ್ತಿದ್ದರೆ ಈ ಮದ್ದು ಅಪಾಯಕಾರಿ. ಗುಣ ಕಾಣಲು ಆರರಿಂದ ಎಂಟು ವಾರ ಬೇಕು, ಅಲ್ಲಿಯತನಕ ಪ್ರೆಡ್ನಿಸೋಲೋನ್ ಕೊಟ್ಟು, ಅದನ್ನು ಇಳಿಸುತ್ತ ಬರುತ್ತೇನೆ. ಅಜಥಯೋಪ್ರಿನ್ ಇಳಿಸಲು ಮುಂಗಾರನ್ನು ಆರಿಸುವುದಿಲ್ಲ. ಹೊಲದಲ್ಲಿ ಗಿಡ ವಿರಳವಾದ ಮೇಲೆ ನಿಧಾನವಾಗಿ ಇಳಿಸಿ, ಮುಂದಿನ ಮೇ ಕೊನೆಗೆ ಹಳೆಯ ಜಾಗಗಳಿಗೆ ವಾರಕ್ಕೆರಡು ಸಲದ ಮುಲಾಮನ್ನು ಮತ್ತೆ ಶುರು ಮಾಡಿಸುತ್ತೇನೆ.