ಹನ್ನೊಂದು ಹಳೆಯ ಕಾರು, ಒಂದು ಘಟ್ಟ: ಕ್ಯಾಂಕಮಾಗಸ್ ದಾರಿಯಲ್ಲಿ ನನ್ನ ಅನುಭವ

ಕಳೆದ ಅಕ್ಟೋಬರ್ ಮೊದಲ ವಾರದ ಒಂದು ಮಂಗಳವಾರ ನಮ್ಮ ಗುಂಪಿನ ಹನ್ನೊಂದು ಹಳೆಯ ಅಮೆರಿಕನ್ ಕಾರುಗಳು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಕ್ಯಾಂಕಮಾಗಸ್ ಹೆದ್ದಾರಿಯನ್ನು ಲಿಂಕನ್‌ನಿಂದ ಕಾನ್ವೇವರೆಗೆ ದಾಟಿದವು. ಒಂದರ ರೇಡಿಯೇಟರೂ ಕುದಿಯಲಿಲ್ಲ, ಒಂದನ್ನೂ ಟೋ ಟ್ರಕ್ಕಿಗೆ ಏರಿಸಬೇಕಾಗಲಿಲ್ಲ. ಅದಕ್ಕೆ ಹಿಂದಿನ ಎರಡು ವರ್ಷ ಇದೇ ದಾರಿಯಲ್ಲಿ ನಾವು ಪಟ್ಟ ಪಾಡು ಗೊತ್ತಿದ್ದವರು ಈ ಸಲವೂ ನನ್ನ ಯೋಜನೆಯನ್ನು ನೋಡಿ ನಕ್ಕಿದ್ದರಾದ್ದರಿಂದ, ಅದನ್ನು ಹೇಗೆ ಮಾಡಿದೆನೆಂದು ಬರೆದಿಡುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ದಾರಿಯನ್ನು ನೋಡದವರಿಗಾಗಿ ಎರಡು ಮಾತು. ರಾಜ್ಯ ಹೆದ್ದಾರಿ 112ರ ಈ ಭಾಗ ಸುಮಾರು 34 ಮೈಲಿ ಉದ್ದವಿದ್ದು, ವೈಟ್ ಮೌಂಟನ್ ಕಾಡಿನ ನಡುವೆ 2,855 ಅಡಿ ಎತ್ತರದ ಘಟ್ಟದ ನೆತ್ತಿಯೊಂದನ್ನು ಹತ್ತಿ ಇಳಿಯುತ್ತದೆ. ನಡುವೆ ಒಂದು ಪೆಟ್ರೋಲ್ ಬಂಕೂ ಇಲ್ಲ, ಹೆಚ್ಚಿನ ಕಡೆ ಫೋನಿಗೆ ಸಿಗ್ನಲ್ಲೂ ಇಲ್ಲ. ಲಿಂಕನ್ ಕಡೆಯ ಏರು ಕಡಿದು, ಒಂದು ಹೇರ್‌ಪಿನ್ ತಿರುವೂ ಅಲ್ಲೇ ಇದೆ. ಕಾನ್ವೇ ಕಡೆ ಸ್ವಿಫ್ಟ್ ನದಿಯ ಜೊತೆಜೊತೆಗೆ ನಿಧಾನವಾಗಿ ಇಳಿಯುತ್ತದೆ. ನನ್ನದು 1930ರ ಫೋರ್ಡ್ ಮಾಡೆಲ್ ಎ, ನಾಲ್ಕು ಸಿಲಿಂಡರ್, 40 ಅಶ್ವಶಕ್ತಿ. ಗುಂಪಿನಲ್ಲಿ ಇನ್ನೂ ಮೂರು ಮಾಡೆಲ್ ಎ ಇವೆ. ಉಳಿದವು 1936ರ ಫೋರ್ಡ್ ವಿ8ನಿಂದ 1955ರ ಶೆವ್ರೊಲೆ ಬೆಲ್ ಏರ್ ದಾಟಿ ಅರವತ್ತರ ದಶಕದ ಆರಂಭದವರೆಗಿನವು.

ಮೊದಲ ವರ್ಷ ಎಲ್ಲರೂ ಒಟ್ಟಿಗೆ ಹೊರಟೆವು, ಮುಂದೆ ಬೆಲ್ ಏರ್. ಅದರ ಬೆನ್ನು ಹಿಡಿಯುವ ಹುಮ್ಮಸ್ಸಿನಲ್ಲಿ ನಾನು ಟಾಪ್ ಗೇರಿನಲ್ಲೇ ಎಂಜಿನ್ನನ್ನು ಒದ್ದಾಡಿಸುತ್ತ ಹತ್ತಿಸಿದೆ, ಅದು ಬಡಿದುಕೊಳ್ಳತೊಡಗಿದಾಗ ಕಿಡಿ ಹಾರುವ ಸಮಯವನ್ನು ಬದಲಿಸುವ ಸ್ಪಾರ್ಕ್ ಲಿವರ್ ಮೇಲಕ್ಕೆ ಸರಿಸಿ ಕಿಡಿಯನ್ನು ತಡಮಾಡಿದೆ. ಇದರಿಂದ ಎಂಜಿನ್ ಇನ್ನಷ್ಟು ಬಿಸಿಯಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ, ನನಗೂ ಗೊತ್ತಿತ್ತು. ನೆತ್ತಿ ಇನ್ನು ಮೂರು ಮೈಲಿ ಇರುವಾಗ ಕುದಿದು ನಿಂತಿತು. ಫ್ಲ್ಯಾಟ್‌ಬೆಡ್ ಟೋ ಟ್ರಕ್ಕಿನವನು ಸುಮಾರು 400 ಡಾಲರ್ ತೆಗೆದುಕೊಂಡ. ಮನೆಗೆ ಬಂದು ನೋಡಿದರೆ ರೇಡಿಯೇಟರಿನ ಮುಖಕ್ಕೆ ಒದ್ದೆ ಮೇಪಲ್ ಎಲೆಗಳು ಅಂಟಿಸಿದ ಹಾಗೆ ಕೂತಿದ್ದವು, ಒಳಗಿನ ಕೊಳವೆಗಳಲ್ಲಿ ಮೂರರಲ್ಲೊಂದು ಪಾಲು ಕಟ್ಟಿಕೊಂಡಿತ್ತು. ಹೊಸ ರೇಡಿಯೇಟರಿಗೆ 900 ಡಾಲರಿನ ಆಸುಪಾಸು ಹೇಳಿದರು. ಹಳೆಯದನ್ನೇ ಬಿಚ್ಚಿ, ಬುಡ ಮೇಲು ಮಾಡಿ, ಹಿಮ್ಮುಖವಾಗಿ ನೀರು ಹಾಯಿಸಿ, ಎರಡು ದಿನ ವಿನೆಗರ್ ತುಂಬಿಟ್ಟು ತೊಳೆದೆ. ಅದರ ನಂತರ ಇನ್ನೊಂದು ಪದಾರ್ಥವನ್ನೂ ಹಾಕಿದೆ. ಅದು ನಮ್ಮ ಅಡುಗೆಮನೆಯಲ್ಲೇ ಸಿಗುತ್ತದೆ, ಹುಣಸೆಹಣ್ಣಲ್ಲ ಎಂದಷ್ಟೇ ಇಲ್ಲಿ ಹೇಳಬಲ್ಲೆ. ಒಟ್ಟು ಖರ್ಚು 30 ಡಾಲರ್ ದಾಟಲಿಲ್ಲ. ಎಲೆ ತಡೆಯಲು ಮುಂದೆ ಕಬ್ಬಿಣದ ಜಾಲರಿಯೊಂದನ್ನೂ ಕಟ್ಟಿ ನೋಡಿದೆ. ಎಲೆಯೇನೋ ನಿಂತಿತು, ಆದರೆ ಜಾಲರಿಯ ಮೇಲೇ ನಿಂತು ಗಾಳಿಯನ್ನೂ ನಿಲ್ಲಿಸಿತು, ಕಿತ್ತು ಬಿಸಾಡಿದೆ. ಅದೇ ಚಳಿಗಾಲದಲ್ಲಿ ಎರಡು ಎಸಳಿನ ಮೂಲ ಫ್ಯಾನನ್ನೂ ತೆಗೆದು ನಾಲ್ಕು ಎಸಳಿನದನ್ನು ಹಾಕಿದೆ. ಬಿರುಕು ಬಿಟ್ಟ ಹಳೆಯ ಎಸಳು ಬಾನೆಟ್ಟನ್ನು ಸೀಳಿಕೊಂಡು ಹಾರುವುದನ್ನು ಕಂಡವರು ಅದನ್ನು ಇಟ್ಟುಕೊಳ್ಳುವುದಿಲ್ಲ.

ಎರಡನೆಯ ವರ್ಷ ದಿಕ್ಕು ಬದಲಿಸಿದೆವು. ಕಾನ್ವೇಯಿಂದ ಹೊರಟರೆ ಏರು ಸುಲಭ ಎಂಬ ಲೆಕ್ಕ ಸರಿಯೇ ಇತ್ತು, ಆದರೆ ದಿನ ಆರಿಸಿದ್ದರಲ್ಲಿ ಎಡವಿದೆವು. ಅಕ್ಟೋಬರಿನ ಕೊಲಂಬಸ್ ದಿನದ ರಜೆಯ ವಾರಾಂತ್ಯದಲ್ಲಿ ಬೋಸ್ಟನ್ನಿನ ಅರ್ಧ ಜನ ಬಣ್ಣ ತಿರುಗಿದ ಎಲೆ ನೋಡಲು ಅಲ್ಲೇ ಇರುತ್ತಾರೆ. ಹೆಜ್ಜೆಗೊಮ್ಮೆ ನಿಲ್ಲುತ್ತ ಸಾಗಿದ ಸಾಲಿನಲ್ಲಿ ನಾಲ್ಕು ಕಾರುಗಳು ಕುದಿದವು. ಅದಕ್ಕಿಂತ ಕೆಟ್ಟದ್ದು ಲಿಂಕನ್ ಕಡೆಯ ಇಳುಕಲಿನಲ್ಲಿ ಆಯಿತು. ಮಾಡೆಲ್ ಎ ಬ್ರೇಕುಗಳು ರಾಡಿನಿಂದ ಎಳೆಯುವ ಯಾಂತ್ರಿಕ ಬ್ರೇಕುಗಳು, ಮುಂದಿದ್ದ 1951ರ ಶೆವ್ರೊಲೆಯದು ಹೈಡ್ರಾಲಿಕ್. ಅವರು ಸಹಜವಾಗಿ ಕಾಲಿಟ್ಟು ನಿಂತರು. ನಾನು ಎರಡನೆಯ ಗೇರಿನಲ್ಲಿದ್ದರೂ ಕಾಲು, ಕೈಬ್ರೇಕು ಎರಡನ್ನೂ ಬಳಸಿ ಅವರ ಬಂಪರಿನಿಂದ ಒಂದು ಗೇಣು ದೂರದಲ್ಲಿ ನಿಂತೆ. ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ, ಆದರೆ ಲೆಕ್ಕ ಹತ್ತಿತು.

ನಮ್ಮೂರಿನ ಕಡೆ ಆಗುಂಬೆ ಘಾಟಿ ಹತ್ತುವ ಹಳೆಯ ಬಸ್ಸುಗಳ ಚಾಲಕರು ಯಾರ ಜೊತೆಗೂ ಪೈಪೋಟಿಗೆ ಇಳಿಯುತ್ತಿರಲಿಲ್ಲ. ಪ್ರತಿ ಗಾಡಿಗೂ ಅದರದೇ ಆದ ಒಂದು ನಡಿಗೆ ಇರುತ್ತಿತ್ತು. ಹಳೆಯ ಕಾರು ತನ್ನ ನಡಿಗೆಗಿಂತ ಬೇಗ ಹೋದರೂ ಬಿಸಿಯಾಗುತ್ತದೆ, ನಿಧಾನ ಹೋದರೂ ಬಿಸಿಯಾಗುತ್ತದೆ. ನನ್ನ ಹಿಂದೆ ತೆವಳುವಂತೆ ಮಾಡಿದರೆ 1936ರ ಫೋರ್ಡಿನ ಫ್ಲ್ಯಾಟ್‌ಹೆಡ್ ವಿ8 ಎಂಜಿನ್ನಿಗೆ ಗಾಳಿ ಸಾಲದು. ಅದರ ಹಿಂದೆ ಓಡಿದರೆ ನನ್ನದಕ್ಕೆ ಉಸಿರು ಸಾಲದು. ಆದ್ದರಿಂದ ಒಟ್ಟಿಗೆ ಹೊರಡುವುದನ್ನು ಬಿಟ್ಟು ಒಟ್ಟಿಗೆ ತಲುಪುವಂತೆ ಮಾಡಬೇಕೆಂದು ನಿರ್ಧರಿಸಿದೆ. ಲಿಂಕನ್‌ನಿಂದ ನೆತ್ತಿಗೆ ಸುಮಾರು 12 ಮೈಲಿ ಎಂದಿಟ್ಟುಕೊಂಡೆ. ಮಾಡೆಲ್ ಎಗಳ ಸರಾಸರಿ ಗಂಟೆಗೆ 25 ಮೈಲಿ, ಅಂದರೆ 29 ನಿಮಿಷ. ಮೂವತ್ತರ ದಶಕದ ನಡುವಿನಿಂದ ಐವತ್ತರ ಆರಂಭದವರೆಗಿನ ನಾಲ್ಕು ಕಾರುಗಳಿಗೆ 33, ಅಂದರೆ 22 ನಿಮಿಷ. ಉಳಿದ ಮೂರಕ್ಕೆ 40, ಅಂದರೆ 18 ನಿಮಿಷ. ಹೀಗೆ ಹೊರಡುವ ಸಮಯ 7:30, 7:37, 7:41 ಎಂದಾಯಿತು.

ಕಾಗದ ನೋಡಿದೊಡನೆ ಆಕ್ಷೇಪಗಳು ಬಂದವು. ನ್ಯಾಶುವಾದಲ್ಲಿರುವ, ಬೆಲ್ ಏರ್ ಒಡೆಯರಾದ ನನ್ನ ಕನ್ನಡದ ಗೆಳೆಯರೊಬ್ಬರು, "ಏನ್ರೀ, ಇದು ಕಾರುಗಳ ಸವಾರಿಯೋ, ರೈಲ್ವೆ ವೇಳಾಪಟ್ಟಿಯೋ?" ಎಂದರು. ಸಾಲಾಗಿ ಹೋಗದಿದ್ದರೆ ಗುಂಪು ಎಂದು ಕರೆಯುವುದೇಕೆ ಎಂದವರೂ ಇದ್ದರು. ಸಾಲು ಬೇಕಾದರೆ ಇಳಿಯುವಾಗ ಕೊಡುತ್ತೇನೆ ಎಂದೆ. ಕಾನ್ವೇ ಕಡೆಯ ಇಳಿಜಾರಿನಲ್ಲಿ ಎಂಜಿನ್ನಿಗೆ ಶ್ರಮವಿಲ್ಲದ್ದರಿಂದ ನಿಧಾನ ಹೋದರೂ ಯಾವುದೂ ಕುದಿಯುವುದಿಲ್ಲ. ಅಲ್ಲಿ ದುರ್ಬಲ ಬ್ರೇಕಿನ ಕಾರು ಮುಂದೆ, ಬಲವಾದ ಬ್ರೇಕಿನದು ಹಿಂದೆ ಇರಬೇಕು, ಏಕೆಂದರೆ ಮುಂದಿನವನು ನಿಂತಾಗ ಹಿಂದಿನವನಿಗೆ ನಿಲ್ಲಲು ಆಗಬೇಕು. ಹಿಂದಿನ ವರ್ಷ ಒಂದು ಗೇಣಿನಲ್ಲಿ ಕಲಿತ ಪಾಠ ಅದು. ಫೋನಿಲ್ಲದ ದಾರಿಗೆ ಇನ್ನೊಂದೇ ನಿಯಮ ಇಟ್ಟೆ: ಕನ್ನಡಿಯಲ್ಲಿ ಹಿಂದಿನ ಕಾರು ಕಾಣದಿದ್ದರೆ ಸುರಕ್ಷಿತವಾದ ಮೊದಲ ಜಾಗದಲ್ಲಿ ನಿಲ್ಲಬೇಕು. ಪ್ರತಿಯೊಬ್ಬನೂ ತನ್ನ ಹಿಂದಿನವನಿಗೆ ಮಾತ್ರ ಜವಾಬ್ದಾರ. ಎರಡನೆಯ ವರ್ಷ ಕೊಂಡಿದ್ದ ವಾಕಿಟಾಕಿಗಳು, ಸುಮಾರು 120 ಡಾಲರಿನವು, ಎರಡು ತಿರುವು ದಾಟಿದರೆ ಗೊರಗೊರ ಎನ್ನುವುದನ್ನು ಬಿಟ್ಟು ಬೇರೇನೂ ಮಾಡಿರಲಿಲ್ಲ.

1936ರ ಫೋರ್ಡಿನ ಸಮಸ್ಯೆ ಬೇರೆಯೇ ಆಗಿತ್ತು. ಅದರ ಪೆಟ್ರೋಲ್ ಕೊಳವೆ ಬಿಸಿಯಾಗಿ ವೇಪರ್ ಲಾಕ್ ಆಗುತ್ತಿತ್ತು, ಅಂದರೆ ಪೆಟ್ರೋಲ್ ಒಳಗೇ ಆವಿಯಾಗಿ ಹರಿವು ನಿಲ್ಲುತ್ತಿತ್ತು, ಎಥನಾಲ್ ಬೆರೆತ ಇಂದಿನ ಪೆಟ್ರೋಲಿನಲ್ಲಿ ಇನ್ನೂ ಹೆಚ್ಚು. ಅದರ ಒಡೆಯರು ಹಿರಿಯರು. ಬಟ್ಟೆ ಒಣಹಾಕುವ ಮರದ ಕ್ಲಿಪ್ಪುಗಳನ್ನು ಕೊಳವೆಗೆ ಸಿಕ್ಕಿಸುವ ಹಳೆಯ ಉಪಾಯವನ್ನೇ ನಂಬಿದವರು. ಆಗಸ್ಟಿನ ಒಂದು ಬಿಸಿ ಮಧ್ಯಾಹ್ನ ಇಬ್ಬರೂ ಕೂತು ಪರೀಕ್ಷಿಸಿದೆವು. ಇಪ್ಪತ್ತು ಕ್ಲಿಪ್ ಹಾಕಿದಾಗಲೂ ತೆಗೆದಾಗಲೂ ಎಂಜಿನ್ ನಿಂತದ್ದು ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಪಂಪಿಗೆ ಒದ್ದೆ ಬಟ್ಟೆ ಸುತ್ತಿದರೆ ಹತ್ತು ನಿಮಿಷ ಸಿಗುತ್ತಿತ್ತು. ಕೊನೆಗೆ ಟ್ಯಾಂಕಿನ ಬಳಿ 6 ವೋಲ್ಟಿನ ಸಣ್ಣ ವಿದ್ಯುತ್ ಪಂಪ್ ಕೂರಿಸಿದ ಮೇಲೆ ಕಾಟ ತಪ್ಪಿತು. ಅದಕ್ಕೆ 70 ಡಾಲರ್ ಆಗಿರಬೇಕು. ಕ್ಲಿಪ್ಪುಗಳು ಇಂದಿಗೂ ಅಲ್ಲೇ ಇವೆ. ಡ್ಯಾಶ್‌ಬೋರ್ಡಿನ ಮುಂದೆಯೇ ಟ್ಯಾಂಕ್ ಇದ್ದು, ಪಂಪೇ ಇಲ್ಲದೆ ಪೆಟ್ರೋಲ್ ತಾನಾಗಿ ಕೆಳಗಿಳಿಯುವ ಮಾಡೆಲ್ ಎಗೆ ಈ ರಗಳೆಯೇ ಇಲ್ಲವೆಂದು ನಾನು ಅಂದು ಎರಡು ಸಲವಾದರೂ ಹೇಳಿದ್ದೆ.

ಮಂಗಳವಾರ ಬೆಳಿಗ್ಗೆ ಲಿಂಕನ್‌ನಲ್ಲಿ 36 ಡಿಗ್ರಿ ಫ್ಯಾರನ್‌ಹೀಟ್ ಚಳಿ ಇತ್ತು. ಕಾರುಗಳ ಗಡಿಯಾರಗಳನ್ನು ನಂಬುವಂತಿಲ್ಲವಾದ್ದರಿಂದ ನನ್ನ ಪತ್ನಿ ಕೈಗಡಿಯಾರ ಹಿಡಿದು ಒಂದೊಂದೇ ಗುಂಪನ್ನು ಬಿಟ್ಟು, ಕೊನೆಯ ಗುಂಪಿನಲ್ಲಿ ಹತ್ತಿಕೊಂಡಳು. ನಾನು ಲೂನ್ ಪರ್ವತ ದಾಟುತ್ತಿದ್ದಂತೆ ಡಬಲ್ ಕ್ಲಚ್ ಮಾಡಿ, ಅಂದರೆ ಕ್ಲಚ್ಚನ್ನು ಎರಡು ಸಲ ಒತ್ತಿ, ಎರಡನೆಯ ಗೇರಿಗೆ ಇಳಿದೆ, ಕಿಡಿ ಬೇಗ ಹಾರುವಂತೆ ಸ್ಪಾರ್ಕ್ ಲಿವರನ್ನು ಬಹುತೇಕ ಪೂರ್ತಿ ಕೆಳಗಿಟ್ಟೆ, ಚೋಕ್ ರಾಡನ್ನು ಕಾಲು ಸುತ್ತು ತಿರುಗಿಸಿ ಗಾಳಿಯೊಂದಿಗಿನ ಮಿಶ್ರಣದಲ್ಲಿ ಪೆಟ್ರೋಲನ್ನು ಕೊಂಚ ಹೆಚ್ಚಿಸಿದೆ. ರೇಡಿಯೇಟರ್ ಮುಚ್ಚಳದ ಮೇಲೆ ಬಿಸಿ ತೋರಿಸುವ ಮೋಟೊಮೀಟರಿನ ಗಾಜಿನಲ್ಲಿ ದಾರದಂಥ ಕೆಂಪು ಗೆರೆ ಏರುತ್ತ ಬಂತು. ಹಿಂದೆ ಮೇಪಲ್ ಮರಗಳೂ ಅದೇ ಕೆಂಪಾಗಿದ್ದರಿಂದ ಒಂದೆರಡು ಸಲ ದಾರ ಎಲ್ಲಿದೆಯೆಂದೇ ತಿಳಿಯದೆ ಗಾಬರಿಯಾಯಿತು. ಹೇರ್‌ಪಿನ್ ತಿರುವಿನಲ್ಲಿ ಅದು ಮೋಟೊಮೀಟರಿನ ವೃತ್ತದ ಅಂಚನ್ನು ಮುಟ್ಟಿ, ಅಲ್ಲೇ ನಿಂತು, ಮೇಲಕ್ಕೆ ಹೋಗಲಿಲ್ಲ. ನಾನು ನೆತ್ತಿ ತಲುಪಿದ್ದು 7:59ಕ್ಕೆ, ಮಧ್ಯದ ಗುಂಪು 8 ಗಂಟೆಗೆ, ಬೆಲ್ ಏರ್ ಸೇರಿದ ಕೊನೆಯ ಗುಂಪು 8:03ಕ್ಕೆ. ನಾವು ಎಂಜಿನ್ ಆರಿಸುವಷ್ಟರಲ್ಲಿ ಅವರು ಬಂದು ನಿಂತಿದ್ದರು. ಈ ದಾರಿಯ ಹಲವು ಪಾರ್ಕಿಂಗ್ ಜಾಗಗಳಲ್ಲಿ ಕಾರಿಗೆ ದಿನದ ಪಾಸು ಬೇಕು, ನಾವು ಹೋದಾಗ ಅದಕ್ಕೆ 5 ಡಾಲರ್ ಇತ್ತು, ಆ ಹಣವನ್ನು ಮೊದಲೇ ಚಿಲ್ಲರೆಯಾಗಿ ಇಟ್ಟುಕೊಂಡಿರಿ.

ಇಳಿಯುವಾಗ ಮಾತು ಕೊಟ್ಟ ಹಾಗೆ ಹನ್ನೊಂದೂ ಒಂದೇ ಸಾಲಿನಲ್ಲಿದ್ದವು, ಮುಂದೆ ನನ್ನದು. ಎದುರಿಗೆ ಬಂದವರು ಗಾಡಿ ನಿಲ್ಲಿಸಿ ಫೋಟೊ ತೆಗೆದರು. ಒದ್ದೆ ಎಲೆಗಳ ಮೇಲೆ ಸಪುರ ಟಯರು ಜಾರುತ್ತದೆಂದು ಗಂಟೆಗೆ 30 ಮೈಲಿ ದಾಟಲಿಲ್ಲ. 1858ರ, ಮೇಲೆ ಮಾಡು ಹೊದಿಸಿದ ಆಲ್ಬನಿ ಮರದ ಸೇತುವೆಯನ್ನು ಒಬ್ಬೊಬ್ಬರಾಗಿ ದಾಟಿದಾಗ ಹಲಗೆಗಳು ಗುಡುಗಿದ ಸದ್ದು ಫ್ಲ್ಯಾಟ್‌ಹೆಡ್ಡಿನ ಸದ್ದನ್ನೂ ಮುಳುಗಿಸಿತು. ಪೆಟ್ರೋಲ್, ಪಾಸು, ಕಾನ್ವೇಯ ಊಟ ಸೇರಿ ನನಗೆ ಆ ದಿನ 60 ಡಾಲರಿಗಿಂತ ಕಡಿಮೆಯೇ ಬಿತ್ತು.

ಊಟದ ಮೇಜಿನಲ್ಲಿ ಬೆಲ್ ಏರ್ ಗೆಳೆಯರು ವೇಳಾಪಟ್ಟಿಯ ಕಾಗದವನ್ನು ನನ್ನಿಂದ ಪಡೆದು, ಮಡಚಿ, ಜೇಬಿಗಿಟ್ಟುಕೊಂಡರು. ಮುಂದಿನ ವರ್ಷ ಇದೇ ಹೆದ್ದಾರಿಯಿಂದ ಕವಲೊಡೆಯುವ ಬೇರ್ ನಾಚ್ ದಾರಿಯನ್ನೂ ಸೇರಿಸಬೇಕೆಂದಿದ್ದೇನೆ, ಅದಕ್ಕೆ 1936ರ ಫೋರ್ಡನ್ನು ಮೊದಲ ಗುಂಪಿಗೆ ತರಬೇಕಾಗುತ್ತದೆ. ಮಾಡೆಲ್ ಎಗಳ ಜೊತೆ ತಮ್ಮ ವಿ8 ಹೊರಡುವುದಕ್ಕೆ ಅದರ ಒಡೆಯರು ಇನ್ನೂ ಒಪ್ಪಿಲ್ಲ.