ಪ್ರಾಣಿ ನೋಡೋಕೆ ಹೇಗಿದೆ ಅಂತ ಇಂಗ್ಲಿಷಲ್ಲಿ ತಪ್ಪಿಲ್ಲದೆ ಬರೆಯೋದು ಹೇಗೆ

"ನಿಮಗಿಷ್ಟವಾದ ಪ್ರಾಣಿ ಬಗ್ಗೆ ಬರ್ಕೊಂಡು ಬನ್ನಿ" ಅಂತ ಮಕ್ಳಿಗೆ ಹೋಮ್‌ವರ್ಕ್ ಕೊಟ್ರೆ ಎಷ್ಟೋ ಸಲ ಮೊದಲ ಸಾಲಲ್ಲೇ "ಡಾಗ್ ಈಸ್ ಹ್ಯಾವಿಂಗ್ ಫೋರ್ ಲೆಗ್" ಅಂತ ಬಂದಿರುತ್ತೆ. ಮಕ್ಳು ದಡ್ಡರು ಅಂತಲ್ಲ, ಕನ್ನಡದಲ್ಲಿ ಯೋಚ್ನೆ ಮಾಡಿ ಬರೀತಾರೆ ಅಷ್ಟೇ, ಹಾಗಾಗಿ ತಪ್ಪು ಎಲ್ಲಿಂದ ಬಂತು ಅಂತ ಕನ್ನಡದ ಕಡೆಯಿಂದಲೇ ತೋರಿಸಿದ್ರೆ ಬೇಗ ಅರ್ಥ ಆಗುತ್ತೆ.

ನಮ್ಮ ಮುಧೋಳ ನಾಯಿನೇ ತಗೊಳ್ಳೋಣ, ಬಾಗಲಕೋಟೆ ಕಡೆಯ ಬೇಟೆ ನಾಯಿ, 2005ರಲ್ಲಿ ಅಂಚೆ ಇಲಾಖೆ ಇದರ ಸ್ಟಾಂಪ್ ಕೂಡ ತಂದಿತ್ತು.

ಎಲ್ಲಕ್ಕಿಂತ ಮುಖ್ಯ ಇದು. ಕನ್ನಡದಲ್ಲಿ "ನಾಯಿ ತೆಳ್ಳಗಿದೆ" ಅಂತೀವಿ, "ನಾಯಿಗೆ ಉದ್ದ ಬಾಲ ಇದೆ" ಅಂತೀವಿ, ಎರಡಕ್ಕೂ ಒಂದೇ "ಇದೆ". ಇಂಗ್ಲಿಷಲ್ಲಿ ಅದು ಎರಡು ದಾರಿ ಆಗುತ್ತೆ. ಇಡೀ ಪ್ರಾಣಿ ಹೇಗಿದೆ ಅಂತ ಹೇಳೋದಾದ್ರೆ "ಈಸ್": "ದ ಡಾಗ್ ಈಸ್ ಥಿನ್". ಅದಕ್ಕೆ ಏನೇನಿದೆ ಅಂತ ಹೇಳೋದಾದ್ರೆ "ಹ್ಯಾಸ್": "ದ ಡಾಗ್ ಹ್ಯಾಸ್ ಎ ಲಾಂಗ್ ಟೇಲ್". ಕನ್ನಡ ವಾಕ್ಯದಲ್ಲಿ "ನಾಯಿಗೆ" ಅಂತ "ಗೆ" ಬಂತಾ, ಹಾಗಾದ್ರೆ "ಹ್ಯಾಸ್" ಹಾಕಿ. "ಈಸ್ ಹ್ಯಾವಿಂಗ್" ಇಲ್ಲಿ ಬರೋದೇ ಇಲ್ಲ, ಬಾಲ ಯಾವಾಗ್ಲೂ ಇರೋದು ತಾನೆ, ಈಗ ನಡೀತಾ ಇರೋ ಕೆಲಸ ಅಲ್ಲವಲ್ಲ. ಒಂದಕ್ಕಿಂತ ಹೆಚ್ಚು ನಾಯಿ ಆದ್ರೆ "ಹ್ಯಾವ್".

ಇನ್ನೊಂದು, ನಾವು "ಅದರ ಬಣ್ಣ ಬಿಳಿ" ಅಂತ ಹೇಳಿ ವಾಕ್ಯ ಮುಗಿಸ್ತೀವಿ, ಕ್ರಿಯಾಪದನೇ ಬೇಡ. ಇಂಗ್ಲಿಷಲ್ಲಿ ಅದು ನಡೆಯಲ್ಲ, "ಇಟ್ ಈಸ್ ವೈಟ್" ಅನ್ಲೇಬೇಕು, "ಕಲರ್" ಅನ್ನೋ ಪದ ಅಲ್ಲಿ ಬೇಕಾಗೇ ಇಲ್ಲ.

"ಎರಡು ಕಿವಿ, ನಾಲ್ಕು ಕಾಲು" ಅಂದ್ರೆ ಕನ್ನಡದಲ್ಲಿ ಸರಿ, ಇಂಗ್ಲಿಷಲ್ಲಿ "ಇಯರ್ಸ್, ಲೆಗ್ಸ್" ಅಂತ ಕೊನೇಲಿ ಎಸ್ ಬರ್ಬೇಕು. ಒಂದೇ ಇರೋ ಅಂಗ ಆದ್ರೆ ಅದಕ್ಕಿಂತ ಮೊದಲು "ಎ" ಬರ್ಬೇಕು. ಆದ್ರೆ ಮೈಕೂದಲಿಗೆ "ಹೇರ್ಸ್" ಅನ್ಬೇಡಿ, "ಶಾರ್ಟ್ ಹೇರ್" ಸಾಕು, ಇಲ್ಲಾಂದ್ರೆ "ಎ ಶಾರ್ಟ್ ಕೋಟ್" (ಪ್ರಾಣಿಯ ಮೈಮೇಲಿನ ಕೂದಲಿಗೆ ಒಟ್ಟಾಗಿ "ಕೋಟ್" ಅಂತಾರೆ).

ಪದಗಳ ಸಾಲು ನೋಡ್ಕೊಳ್ಳಿ. "ಕಂದು ಬಣ್ಣದ ದೊಡ್ಡ ಕಣ್ಣು" ಅಂದ್ರೂ "ದೊಡ್ಡ ಕಂದು ಕಣ್ಣು" ಅಂದ್ರೂ ನಮಗೆ ನಡೆಯುತ್ತೆ, ಇಂಗ್ಲಿಷಲ್ಲಿ ಸಾಮಾನ್ಯವಾಗಿ ಗಾತ್ರ ಮೊದಲು, ಬಣ್ಣ ಆಮೇಲೆ: "ಬಿಗ್ ಬ್ರೌನ್ ಐಸ್".

ಎತ್ತರಕ್ಕೂ "ಈಸ್" ಸಾಕು. ನಾಯಿ ಎತ್ತರವನ್ನ ತಲೆವರೆಗೆ ಅಳೆಯಲ್ಲ, ಭುಜದ ಹತ್ರ ಅಳೀತಾರೆ, ಹಾಗಾಗಿ "ಅಟ್ ದ ಶೋಲ್ಡರ್" ಅಂತ ಸೇರಿಸಿ.

ಎಲ್ಲಾ ಸೇರಿಸಿ ಬರೆದ್ರೆ ಹೀಗಾಗುತ್ತೆ, ಮಕ್ಳ ಹತ್ರ ಜೋರಾಗಿ ಓದಿಸಿ, ಆಮೇಲೆ ಪುಸ್ತಕ ಮುಚ್ಚಿ ಮನೆ ಮುಂದಿನ ಹಸು ತೋರಿಸಿ ಅದರ ಬಗ್ಗೆ ಹೇಳಿಸಿ:

"ದ ಮುಧೋಳ್ ಹೌಂಡ್ ಈಸ್ ಎ ಟಾಲ್, ಥಿನ್ ಡಾಗ್. ಇಟ್ ಈಸ್ ಅಬೌಟ್ 70 ಸೆಂಟಿಮೀಟರ್ಸ್ ಟಾಲ್ ಅಟ್ ದ ಶೋಲ್ಡರ್. ಇಟ್ ಹ್ಯಾಸ್ ಎ ಲಾಂಗ್, ನ್ಯಾರೋ ಹೆಡ್ ಅಂಡ್ ಎ ಡೀಪ್ ಚೆಸ್ಟ್. ಇಟ್ಸ್ ಇಯರ್ಸ್ ಹ್ಯಾಂಗ್ ಡೌನ್. ಇಟ್ ಹ್ಯಾಸ್ ಲಾಂಗ್ ಲೆಗ್ಸ್, ಎ ಶಾರ್ಟ್ ಕೋಟ್ ಅಂಡ್ ಎ ಲಾಂಗ್, ಥಿನ್ ಟೇಲ್."