ಗುಂಡಿನ ತುದಿಯನ್ನು ನಂಬಬೇಡಿ

ಮೊದಲೇ ಹೇಳಿಬಿಡುತ್ತೇನೆ, ಇದು ಅಮೆರಿಕದಲ್ಲಿದ್ದು ರೈಫಲ್ ಶೂಟಿಂಗ್ ಹವ್ಯಾಸ ಹಚ್ಚಿಕೊಂಡು, ಹಾರಿಸಿದ ತೋಟೆಗೆ ಮನೆಯಲ್ಲೇ ಮತ್ತೆ ಮದ್ದು, ಗುಂಡು ತುಂಬಿಕೊಳ್ಳುವ ಕನ್ನಡಿಗರಿಗಾಗಿ ಬರೆದದ್ದು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ತೋಟೆ ತಯಾರಿಸುವುದು ಅಪರಾಧ. ಕೊಡಗಿನ ಕೊಡವರು ಮುಂತಾದವರಿಗಿರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೇ ಹೊರತು ತೋಟೆ ತಯಾರಿಸುವುದಕ್ಕಲ್ಲ.

ಒಮ್ಮೆ ಹಾರಿಸಿದ ತೋಟೆಯ ಹಿತ್ತಾಳೆ ಕೊಳವೆಯನ್ನು, ಅಂದರೆ ಕೇಸನ್ನು ಸರಿಪಡಿಸಿ, ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್ ಕೂರಿಸಿ, ಮದ್ದು ತುಂಬಿದ ಮೇಲೆ ಗುಂಡನ್ನು ಕೇಸಿನ ಕುತ್ತಿಗೆಗೆ ಒತ್ತಿ ಕೂರಿಸುವುದು ಕೊನೆಯ ಕೆಲಸ. ಪ್ರತಿ ಗುಂಡೂ ಒಂದೇ ಆಳಕ್ಕೆ ಇಳಿಯಬೇಕು. ನಾನು ಮೊದಲ ಸಲ .308 ವಿಂಚೆಸ್ಟರ್ ಎಂಬ ಅಳತೆಯ ಇಪ್ಪತ್ತು ತೋಟೆ ಮಾಡಿ ಕ್ಯಾಲಿಪರ್‌ನಲ್ಲಿ ಬುಡದಿಂದ ತುದಿಯವರೆಗೆ ಅಳೆದಾಗ, ಒಂದಕ್ಕೂ ಇನ್ನೊಂದಕ್ಕೂ ಇಂಚಿನ ಸಾವಿರದಲ್ಲಿ ಹತ್ತು ಭಾಗದಷ್ಟು ವ್ಯತ್ಯಾಸ ಬಂತು. ಗಾಬರಿಯಾಗಿ ಪ್ರತಿ ತೋಟೆಗೂ ಡೈನ (ಗುಂಡನ್ನು ಒತ್ತಿ ಕೂರಿಸುವ ಅಚ್ಚಿನ) ತಿರುಪನ್ನು ಆ ಕಡೆ ಈ ಕಡೆ ತಿರುಗಿಸಿದೆ. ಸರಿಯಿದ್ದದ್ದೂ ಕೆಟ್ಟಿತು.

ತಪ್ಪು ಡೈನದ್ದಲ್ಲ, ನಾನು ಅಳೆದ ಜಾಗದ್ದು. ಸ್ಪರ್ಧೆಗೆ ಬಳಸುವ ಟೊಳ್ಳು ತುದಿಯ ಗುಂಡುಗಳ ಮೂತಿ ಕಾರ್ಖಾನೆಯಿಂದಲೇ ಒರಟೊರಟಾಗಿ, ಏರುಪೇರಾಗಿ ಬರುತ್ತದೆ. ಡೈನೊಳಗಿನ ದಂಡ ತುದಿಯನ್ನು ಒತ್ತುವುದೇ ಇಲ್ಲ. ಅದಕ್ಕಿಂತ ಕೆಳಗೆ, ಗುಂಡು ದಪ್ಪವಾಗುತ್ತ ಹೋಗುವ ಬಾಗನ್ನು ಹಿಡಿದು ಒತ್ತುತ್ತದೆ. ನಳಿಗೆಯೊಳಗಿನ ಸುರುಳಿ ಏಣುಗಳಿಗೆ ಮೊದಲು ತಾಗುವುದೂ ಆ ಬಾಗಿನ ಭಾಗವೇ. ಆದ್ದರಿಂದ ಕ್ಯಾಲಿಪರ್‌ಗೆ ಕಂಪ್ಯಾರೇಟರ್ ಎಂಬ ಪುಟ್ಟ ಬಳೆಯನ್ನು ಸಿಕ್ಕಿಸಿ, ಬುಡದಿಂದ ಬಾಗಿನವರೆಗೆ ಅಳೆಯಿರಿ. ಅದೇ ಇಪ್ಪತ್ತು ತೋಟೆಗಳನ್ನು ಹಾಗೆ ಅಳೆದಿದ್ದರೆ ತಿರುಪು ಮುಟ್ಟುತ್ತಲೇ ಇರಲಿಲ್ಲ.

ಇನ್ನು ಕುತ್ತಿಗೆ. ನನ್ನ ಲೆಕ್ಕದಲ್ಲಿ ಅರ್ಧಕ್ಕೂ ಹೆಚ್ಚು ತಕರಾರು ಇಲ್ಲಿಯದೇ. ಒಂದೇ ಕಂಪನಿಯ, ಅಷ್ಟೇ ಸಲ ಹಾರಿಸಿದ ಕೇಸುಗಳನ್ನು ಒಟ್ಟಿಗೆ ಇಡಿ. ಹಾರಿಸಿದಷ್ಟೂ ಹಿತ್ತಾಳೆ ಗಡುಸಾಗಿ ಗುಂಡನ್ನು ಹಿಡಿಯುವ ಬಿಗಿ ಬದಲಾಗುತ್ತದೆ. ಎಲ್ಲವನ್ನೂ ಒಂದೇ ಉದ್ದಕ್ಕೆ ಕತ್ತರಿಸಿ, ಬಾಯಿಯ ಒಳಅಂಚನ್ನು ಇಳಿಜಾರಾಗಿ ಹೆರೆಯಿರಿ. ಅಂಚು ಒರಟಾಗಿದ್ದರೆ ಗುಂಡಿನ ತಾಮ್ರದ ಹೊದಿಕೆಯನ್ನು ಕೆರೆದು ಎಳೆ ಎಳೆಯಾಗಿ ಎಬ್ಬಿಸುತ್ತದೆ. ಸ್ಟೀಲ್ ಕಡ್ಡಿಗಳ ಜೊತೆ ನೀರಿನಲ್ಲಿ ಉರುಳಿಸಿ ಫಳಫಳ ಬೆಳಗಿಸಿದ ಕೇಸು ನೋಡಲು ಚೆಂದ, ಆದರೆ ಮಸಿಯೆಲ್ಲ ಹೋಗಿ ಕುತ್ತಿಗೆ ಒಣಗಿ ಗುಂಡನ್ನು ಕಚ್ಚಿ ಹಿಡಿಯುತ್ತದೆ. ನೈಲಾನ್ ಬ್ರಷ್ಷಿಗೆ ಒಣ ಗ್ರಾಫೈಟ್ ಪುಡಿ ಸವರಿ ಒಳಗೆ ಒಂದು ಸುತ್ತು ಆಡಿಸಿದರೆ ಸಾಕು.

ಡೈ ಹೊಂದಿಸಲು ಮದ್ದೂ ಪ್ರೈಮರೂ ಇಲ್ಲದ ಖಾಲಿ ಕೇಸು ತೆಗೆದುಕೊಳ್ಳಿ. ಡೈಯನ್ನು ಸಿಕ್ಕಿಸುವ ಒತ್ತುಯಂತದ, ಅಂದರೆ ಪ್ರೆಸ್‌ನ ಹಿಡಿಕೆಯನ್ನು ಪೂರ್ತಿ ಇಳಿಸಿ ಕೇಸನ್ನು ಮೇಲೆತ್ತಿ, ಬಾಯಿಗೆ ತಾಗುವವರೆಗೆ ಡೈಯನ್ನು ಕೆಳಕ್ಕೆ ತಿರುಗಿಸಿ, ಬಳಿಕ ಒಂದು ಪೂರ್ತಿ ಸುತ್ತು ಹಿಂದಕ್ಕೆ ತಂದು ಬೀಗಬಳೆ ಬಿಗಿಯಿರಿ. ಹೀಗೆ ಮಾಡದಿದ್ದರೆ ಡೈನ ಅಂಚು ಕೇಸಿನ ಬಾಯಿಯನ್ನು ಹಿಸುಕುತ್ತದೆ. ಈಗ ದಂಡವನ್ನು ಮೇಲಕ್ಕೆತ್ತಿಟ್ಟು, ಗುಂಡು ಬೇಕಾದ್ದಕ್ಕಿಂತ ಉದ್ದ ನಿಲ್ಲುವಂತೆ ಕೂರಿಸಿ, ಅಳೆದು ಅಳೆದು ಸ್ವಲ್ಪಸ್ವಲ್ಪವೇ ಇಳಿಸಿ. ಗುಂಡಿನ ಮೇಲೆ ಬಳೆಯಂತೆ ಗೆರೆ ಬಿದ್ದಿದ್ದರೆ ದಂಡದ ಬಾಯಿ ಆ ಗುಂಡಿನ ಆಕಾರಕ್ಕೆ ಒಗ್ಗಿಲ್ಲ; ಉದ್ದ ಮೂತಿಯ ಗುಂಡುಗಳಿಗೆಂದೇ ಮಾಡಿದ ದಂಡ ಸಿಗುತ್ತದೆ, ಅದನ್ನು ಹಾಕಿ.

ಒತ್ತುವಾಗ ಅವಸರ ಬೇಡ. ಅರ್ಧ ಇಳಿಸಿ, ಕೇಸನ್ನು ಅರ್ಧ ಸುತ್ತು ತಿರುಗಿಸಿ, ಉಳಿದದ್ದನ್ನು ಇಳಿಸುವ ರೂಢಿ ನನ್ನದು; ಉದ್ದಕ್ಕಿಂತ ಗುಂಡು ನೆಟ್ಟಗೆ ನಿಲ್ಲುವುದಕ್ಕೆ ಅದು ಅನುಕೂಲ. ಹಿಡಿಕೆಯಲ್ಲಿ ಕೈಗೆ ತಿಳಿಯುವ ಬಿಗಿಯನ್ನು ಗಮನಿಸಿ. ಬೆಣ್ಣೆಯಂತೆ ಇಳಿದದ್ದನ್ನೂ ಮೊಂಡಾಟ ಮಾಡಿದ್ದನ್ನೂ ಬೇರೆ ತೆಗೆದಿಡಿ, ಅಭ್ಯಾಸಕ್ಕೆ ಆಗುತ್ತವೆ. ಮದ್ದು ಕೇಸಿನ ತುಂಬ ಇದ್ದು ಗುಂಡಿನ ಬುಡಕ್ಕೆ ಒತ್ತುತ್ತಿದ್ದರೆ ಅದು ಗುಂಡನ್ನು ಮೆಲ್ಲಗೆ ಹೊರಕ್ಕೆ ತಳ್ಳಬಹುದು, ಮರುದಿನ ಇನ್ನೊಮ್ಮೆ ಅಳೆಯಿರಿ.

ಎಷ್ಟು ವ್ಯತ್ಯಾಸ ಇರಬಹುದು? ಇಂಚಿನ ಸಾವಿರದಲ್ಲಿ ಎರಡು ಭಾಗದೊಳಗೆ ಬಂದರೆ ನಾನು ಅಲ್ಲಿಗೇ ಬಿಡುತ್ತೇನೆ. ಸಾಮಾನ್ಯ ಡಿಜಿಟಲ್ ಕ್ಯಾಲಿಪರ್ ತಾನೇ ಸಾವಿರದಲ್ಲಿ ಒಂದು ಭಾಗ ಅತ್ತಿತ್ತ ತೋರಿಸುತ್ತದೆ. ಅದಕ್ಕಿಂತ ಸೂಕ್ಷ್ಮ ಹುಡುಕಿದರೆ ಉಪಕರಣದ ದೋಷವನ್ನೇ ಅಳೆಯುತ್ತಿರುತ್ತೀರಿ. ಉದ್ದವಾದದ್ದನ್ನು ಮತ್ತೆ ಒತ್ತಿ. ಗಿಡ್ಡವಾದದ್ದನ್ನು ಸುತ್ತಿಗೆಯಾಕಾರದ ಪುಲ್ಲರ್‌ನಿಂದ ಬಿಡಿಸಿ ಹೊಸದಾಗಿ ಕೂರಿಸಿ, ಇರಲಿ ಬಿಡು ಎಂದು ಹಾರಿಸಬೇಡಿ. ಗುಂಡು ಆಳಕ್ಕೆ ಇಳಿದಷ್ಟೂ ಮದ್ದಿಗೆ ಜಾಗ ಕಡಿಮೆಯಾಗಿ ಒತ್ತಡ ಏರುತ್ತದೆ. ತೀರ ಮುಂದಿದ್ದು ಏಣುಗಳಿಗೆ ತಾಗಿಕೊಂಡರೂ ಒತ್ತಡ ಏರುತ್ತದೆ. .308ರ ಒಟ್ಟು ಉದ್ದಕ್ಕೆ ಅಮೆರಿಕದ ಉದ್ಯಮ ಮಾನಕದ ಗರಿಷ್ಠ ಮಿತಿ 2.810 ಇಂಚು. ಮದ್ದಿನ ತೂಕವನ್ನಂತೂ ಕಂಪನಿಯ ಕೈಪಿಡಿಯಿಂದಲೇ ತೆಗೆದುಕೊಳ್ಳಿ, ಗೆಳೆಯರ ಬಾಯಿಂದಲ್ಲ.

ಡೈ ಹೊಂದಿಸಲು ಮಾಡಿದ ಆ ಖಾಲಿ ತೋಟೆಯನ್ನು ಎಸೆಯಬೇಡಿ. ಗುಂಡಿನ ಹೆಸರು, ಅಳತೆ ಬರೆದು ಡೈ ಪೆಟ್ಟಿಗೆಯಲ್ಲೇ ಇಡಿ. ಮುಂದಿನ ಸಲ ಅದನ್ನು ಪ್ರೆಸ್‌ನಲ್ಲಿಟ್ಟು ಮೇಲೆತ್ತಿ ದಂಡವನ್ನು ತಾಗಿಸಿದರೆ ಹೊಂದಿಕೆ ಹೆಚ್ಚುಕಡಿಮೆ ಆದಂತೆಯೇ. ಗುಂಡಿನ ಹೊಸ ಡಬ್ಬಿ ಒಡೆದಾಗ ಮಾತ್ರ, ಹೆಸರು ಅದೇ ಇದ್ದರೂ, ಮೊದಲ ತೋಟೆಯನ್ನು ಅಳೆದ ಮೇಲೆಯೇ ಎರಡನೆಯದಕ್ಕೆ ಕೈಹಾಕಿ.